ಬಾವಿಯಿಂದ ಏಳೂವರೆ ಮೀಟರ್

ಮನೆ ಕಟ್ಟಲು ಹೊರಟವರು ಪ್ಲಾನನ್ನು ಮೇಜಿನ ಮೇಲೆ ಹರಡಿದಾಗ ಅವರ ಬೆರಳು ಮೊದಲು ಹೋಗುವುದು ಮುಂದಿನ ಜಗಲಿಗೆ, ಸಿಟೌಟಿಗೆ. ಆಮೇಲೆ ಹಾಲ್, ದೇವರ ಕೋಣೆ, ಅಡುಗೆಮನೆ. ಮನೆಯ ಹಿಂದೆ ಒಂದು ಮೂಲೆಯಲ್ಲಿ ಸಣ್ಣ ಚೌಕ, ಅದರ ಪಕ್ಕದಲ್ಲೊಂದು ವೃತ್ತ ಇರುತ್ತದೆ. ಅದನ್ನು ಯಾರೂ ತೋರಿಸುವುದಿಲ್ಲ. ಚೌಕವೆಂದರೆ ಸೆಪ್ಟಿಕ್ ಟ್ಯಾಂಕು. ವೃತ್ತವೆಂದರೆ ಟ್ಯಾಂಕಿನಿಂದ ಹೊರಬಂದ ನೀರು ಮಣ್ಣಿಗೆ ಇಂಗುವ ಗುಂಡಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಪಂಚಾಯತುಗಳಲ್ಲಿ ಓವರ್ಸಿಯರ್ ಆಗಿದ್ದ ನಾನು ಮೊದಲು ನೋಡುತ್ತಿದ್ದುದು ಆ ಚೌಕವನ್ನು, ವೃತ್ತವನ್ನು. ಉಳಿದ ಮನೆ ಹೇಗಾದರೂ ನಿಲ್ಲುತ್ತದೆ. ಈ ಎರಡು ತಪ್ಪಿದರೆ ಪಕ್ಕದ ಮನೆಯವರ ಹೊಟ್ಟೆ ಕೆಡುತ್ತದೆ.

ಈಗ ಈ ಕೆಲಸಕ್ಕೆ ಸೇರುವವರಿಗೆ ನನಗಿಂತ ಹೆಚ್ಚು ಓದು ಉಂಟು. ಕಂಪ್ಯೂಟರಿನಲ್ಲಿ ಅವರ ಕೈ ಓಡುವ ವೇಗಕ್ಕೆ ನನ್ನ ಕಣ್ಣು ಓಡುವುದಿಲ್ಲ. ಅವರಿಗೆ ಹೇಳಲು ನನ್ನಲ್ಲಿರುವುದು ನಿಯಮವಲ್ಲ, ನಿಯಮ ಪುಸ್ತಕದಲ್ಲಿದೆ. ನಾನು ಎರಡು ಸಲ ದೊಡ್ಡದಾಗಿ ತಪ್ಪಿದ್ದೇನೆ. ಆ ಎರಡನ್ನು ಯಾವ ಪುಸ್ತಕವೂ ಅವರಿಗೆ ಹೇಳಲಾರದು, ಹಾಗಾಗಿ ಬರೆಯುತ್ತಿದ್ದೇನೆ.

ನಾನು ವರ್ಕಾಡಿಯವಳು. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಪಾಲಿಟೆಕ್ನಿಕ್ ಮುಗಿಸಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಸೀರೆ ಉಟ್ಟು ಕೈಯಲ್ಲಿ ಅಳತೆಯ ಟೇಪು ಹಿಡಿದು ಬರುವ ಹೆಂಗಸನ್ನು ನೋಡಿ ಜನರಿಗೆ ಏನೆಂದು ಕರೆಯಬೇಕೆಂದೇ ತಿಳಿಯುತ್ತಿರಲಿಲ್ಲ. ಕೆಲವರು ಟೀಚರ್ ಎನ್ನುತ್ತಿದ್ದರು. ಪೋಲಿಯೋ ಹನಿ ಹಾಕುವವಳೆಂದು ತಿಳಿದು ಮಗುವನ್ನು ಎತ್ತಿಕೊಂಡು ಬಂದವರೂ ಇದ್ದರು. ಕೊನೆಗೆ ಓವರ್ಸಿಯರಮ್ಮ ಎಂಬ ಹೆಸರು ಗಟ್ಟಿಯಾಯಿತು.

ನನ್ನ ಮೊದಲ ಮೇಲಧಿಕಾರಿ ಕೇರಳದ ತೆಂಕಣ ಜಿಲ್ಲೆಯೊಂದರಿಂದ ಬಂದಿದ್ದ ರಾಜಶೇಖರನ್ ಸರ್. ಪಂಚಾಯತಿನ ಎಂಜಿನಿಯರ್. ಸಣಕಲು ಮನುಷ್ಯ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ. ಕನ್ನಡ ಬರುತ್ತಿರಲಿಲ್ಲ, ತುಳುವಂತೂ ದೂರ. ಮನೆ ಕಟ್ಟುವ ಯಾವ ಜಾಗಕ್ಕೆ ಹೋದರೂ ಅವರು ಮಾಡುತ್ತಿದ್ದ ಮೊದಲ ಕೆಲಸ ಕುಡಿಯಲು ನೀರು ಕೇಳುವುದು. ಆ ಮನೆಯಲ್ಲಿ ಕೇಳಿ, ಪಕ್ಕದ ಮನೆಗೂ ಹೋಗಿ ಕೇಳುತ್ತಿದ್ದರು. ಇವರಿಗೆ ಸಕ್ಕರೆ ಕಾಯಿಲೆಯಿರಬೇಕೆಂದು ನಾನು ಎಣಿಸಿದ್ದೆ. ಒಂದು ತಿಂಗಳಾದ ಮೇಲೆ ಅವರೇ ಹೇಳಿದರು. ಬಾವಿ ಎಲ್ಲಿದೆ ಎಂದು ಕೇಳಿದರೆ ಜನ ಹೆದರಿ ಸುಳ್ಳು ಹೇಳುತ್ತಾರೆ, ನೀರು ಕೇಳಿದರೆ ನೇರ ಬಾವಿಗೇ ಹೋಗುತ್ತಾರೆ, ನಾವು ಹಿಂದೆ ಹೋದರಾಯಿತು ಎಂದು.

ನಿಯಮ ಸರಳ. ಕುಡಿಯುವ ನೀರಿನ ಬಾವಿಗೂ ಟ್ಯಾಂಕಿಗೂ, ಬಾವಿಗೂ ಇಂಗುಗುಂಡಿಗೂ ನಡುವೆ ಏಳೂವರೆ ಮೀಟರ್ ಅಂತರ ಬೇಕು. ಬಾವಿ ಯಾರದ್ದಾದರೂ ಸರಿ. ಈ ಕೊನೆಯ ಮಾತೇ ನನ್ನನ್ನು ಕೆಡವಿದ್ದು.

ಸೇರಿ ವರ್ಷವಾಗಿತ್ತು. ಒಬ್ಬಳೇ ಹೋಗಿ ಅಳೆದು ಬರುವಷ್ಟು ನಂಬಿಕೆ ಸರ್‌ಗೆ ನನ್ನ ಮೇಲೆ ಬಂದಿತ್ತು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಚಂದ್ರಹಾಸ ಎಂಬವರು ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟುತ್ತಿದ್ದರು. ರಜೆ ಮುಗಿಯುವುದರೊಳಗೆ ಮನೆಯೊಕ್ಕಲು ಆಗಬೇಕಿತ್ತು. ಅವರ ಬಾವಿ ಮನೆಯ ಮುಂದೆ, ಗುಂಡಿ ಹಿಂದೆ. ಟೇಪು ಹಿಡಿದರೆ ಹನ್ನೆರಡು ಮೀಟರ್. ಹಿಂದಿನ ಕಾಂಪೌಂಡು ಗೋಡೆಯಾಚೆ ಮುಳ್ಳುಪೊದೆ ದಟ್ಟವಾಗಿ ಬೆಳೆದಿತ್ತು. ಆಚೆ ಎಂತ ಉಂಟು ಎಂದು ಕೇಳಿದೆ. ಕಾಡು, ಎಂದರು ಚಂದ್ರಹಾಸ. ಅವರು ಸುಳ್ಳು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹೊಸ ಸೀರೆ ಹರಿದೀತೆಂದು ನಾನು ಗೋಡೆ ಹತ್ತಿ ಇಣುಕಲಿಲ್ಲ. ಸಹಿ ಹಾಕಿ ಬಂದೆ.

ಮಳೆಗಾಲ ಹಿಡಿದು ಮೂರು ವಾರವಾಗಿರಬೇಕು. ಬೀಫಾತಿಮ್ಮ ಎಂಬ ಮುದುಕಿ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಬಾಟಲಿ ನೀರು ಇಟ್ಟರು. ಅವರು ಬೈಯಲಿಲ್ಲ. ಬ್ಯಾರಿ ಮಾತು ಬೆರೆತ ಕನ್ನಡದಲ್ಲಿ ಮೆಲ್ಲನೆ ಕೇಳಿದರು.

“ಇದು ನನ್ನ ಬಾವಿಯ ನೀರು ಮಗಳೇ. ಮುಚ್ಚಳ ತೆಗೆದು ನೋಡು. ನಿನ್ನ ಮನೆಯಲ್ಲಿ ಇದರಲ್ಲಿ ಗಂಜಿ ಬೇಯಿಸ್ತೀಯಾ?”

ಮುಚ್ಚಳ ತೆಗೆಯುವ ಮೊದಲೇ ನನಗೆ ತಿಳಿದುಹೋಗಿತ್ತು. ಆ ಪೊದೆಯ ಆಚೆ, ಗೋಡೆಯಿಂದ ಎರಡಾಳು ಕೆಳಗೆ ಅವರ ಮನೆಯಿತ್ತು. ಗುಂಡಿಯಿಂದ ಅವರ ಬಾವಿಗೆ ಐದು ಮೀಟರ್ ಕೂಡ ಇರಲಿಲ್ಲ. ಎರಡು ಮೊಮ್ಮಕ್ಕಳಿಗೆ ವಾಂತಿಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಮಕ್ಕಳು ಹುಷಾರಾದರು. ಆಗದೆ ಇರುತ್ತಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸುವುದುಂಟು.

ರಾಜಶೇಖರನ್ ಸರ್ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೊಡೆ ತೆಗೆದುಕೊಂಡು ಎದ್ದು, ಬಾ ಎಂದರು. ಚಂದ್ರಹಾಸರ ಗೇಟಿನ ಹತ್ತಿರ ನಿಂತು ಒಂದೇ ಮಾತು ಹೇಳಿದರು. ಒಳಗೆ ಹೋಗಿ ಮೊದಲು ನೀನು ಮಾತಾಡು, ನಾನು ಆಮೇಲೆ ಮಾತಾಡುತ್ತೇನೆ ಎಂದು. ಚಂದ್ರಹಾಸರಿಗೆ ಸಿಟ್ಟು ಬಂದಿತ್ತು, ಬಂದದ್ದು ನ್ಯಾಯವೇ.

“ಸೈನ್ ಹಾಕಿದ್ದು ನೀವೇ ಅಲ್ವಾ?” ಎಂದರು.

“ಹೌದು. ನಾನು ಗೋಡೆಯ ಆಚೆ ನೋಡ್ಲಿಲ್ಲ. ತಪ್ಪು ನನ್ನದು” ಎಂದೆ.

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಆಮೇಲೆ ಸರ್ ಅವರನ್ನು ಕರೆದುಕೊಂಡು ಬೀಫಾತಿಮ್ಮನ ಬಾವಿಕಟ್ಟೆಗೆ ಇಳಿದರು. ಚಂದ್ರಹಾಸ ಬಗ್ಗಿ ನೋಡಿ, ಮೂಗಿಗೆ ಕೈ ಹಿಡಿದರು. ಕೆಂಪುಕಲ್ಲು ನೋಡಲಿಕ್ಕೆ ಗಟ್ಟಿ, ಒಳಗೆ ಜೇನುಗೂಡಿನ ಹಾಗೆ ತೂತು. ಮೇಲಿನ ಗುಂಡಿಯಿಂದ ನೀರು ಆ ತೂತುಗಳಲ್ಲಿ ಸೋಸದೆ ಹಾಗೆಯೇ ಇಳಿದುಬಂದಿತ್ತು. ಹಳೆಯ ಗುಂಡಿಯನ್ನು ಬರಿದು ಮಾಡಿ ಮುಚ್ಚಿಸಿದೆವು. ಹೊಸ ಗುಂಡಿ ಚಂದ್ರಹಾಸರದೇ ಅಂಗಳದ ಒಂದು ಬದಿಯಲ್ಲಿ, ಎರಡು ಬಾವಿಗಳಿಗೂ ದೂರವಾಗಿ. ಕೆಟ್ಟ ಬಾವಿಯ ನೀರನ್ನು ಪಂಪಿನಲ್ಲಿ ಮೂರು ಸಲ ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಬಾವಿ ಸರಿಯಾಗುವವರೆಗೆ ಚಂದ್ರಹಾಸ ತಮ್ಮ ಬಾವಿಯಿಂದ ಬೀಫಾತಿಮ್ಮನ ಅಂಗಳಕ್ಕೆ ಪೈಪು ಎಳೆಸಿದರು. ಯಾರೂ ಅದನ್ನು ಹೇಳಿ ಮಾಡಿಸಿದ್ದಲ್ಲ. ನಾನು ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಹೋಗಿ ನೀರಿನ ಸ್ಯಾಂಪಲ್ ತೆಗೆದುಕೊಂಡು ಬರುತ್ತಿದ್ದೆ. ನೀರು ಒಳ್ಳೆಯದೆಂದು ರಿಪೋರ್ಟು ಬಂದ ಮೇಲೆ ಬೀಫಾತಿಮ್ಮ ಒಂದು ಲೋಟ ತುಂಬಿಸಿ ನನ್ನ ಮುಂದೆ ಹಿಡಿದರು. ಕುಡಿದೆ. ಅವರು ಕಣ್ಣು ತೆಗೆಯದೆ ನೋಡುತ್ತಿದ್ದರು.

ಅಲ್ಲಿಂದ ಮುಂದೆ ನಾನು ಹತ್ತಿ ಇಣುಕದ ಗೋಡೆ ಈ ಜಿಲ್ಲೆಯಲ್ಲಿಲ್ಲ. ಸೀರೆ ಬಿಟ್ಟು ಚೂಡಿದಾರ ಹಾಕಲು ಶುರುಮಾಡಿದ್ದೂ ಆ ವರ್ಷವೇ. ಕಚೇರಿಯಲ್ಲಿ ಗುಸುಗುಸು ಆಯಿತು, ಆಗಲಿ.

ಮೊಗ್ರಾಲಿನ ಕಡೆ ಕೆಲಸ ಮಾಡಿದಾಗ ಬೇರೆಯೇ ಪಾಠ. ಗುಡ್ಡದಲ್ಲಿ ಕಲಿತದ್ದು ಹೊಳೆಬಾಯಿಯ ಮರಳಿನಲ್ಲಿ ನಡೆಯುವುದಿಲ್ಲ. ಅಲ್ಲಿ ಮಳೆಗಾಲದಲ್ಲಿ ಎರಡಡಿ ಅಗೆದರೆ ನೀರು. ಹಮೀದ್ ಎಂಬವರು ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್ ತರಿಸಿ ಹೂಳಿಸಿದ್ದರು. ಆಗಷ್ಟೇ ಬಂದಿದ್ದ ಮಾಲು. ಹೂಳಿದ ಕೂಡಲೇ ಅದಕ್ಕೆ ನೀರು ತುಂಬಿಸಿಡಬೇಕೆಂದು ನಾನು ಹೇಳಿದ್ದೆ. ಮನೆಗೆ ಜನ ಬರುವುದು ಮಳೆ ಬಿಟ್ಟ ಮೇಲೆ, ಈಗ ಯಾಕೆ ನೀರು ಎಂದು ಅವರು ಬಿಟ್ಟಿದ್ದರು. ಜೋರು ಮಳೆಯ ಒಂದು ಬೆಳಿಗ್ಗೆ ಅವರ ಫೋನು ಬಂತು.

“ಮೇಡಂ, ಟ್ಯಾಂಕ್ ಎದ್ದು ಬಂದಿದೆ” ಎಂದರು.

ಹೋಗಿ ನೋಡಿದರೆ ಮರಳನ್ನು ಸೀಳಿಕೊಂಡು, ಪೈಪುಗಳನ್ನು ಮುರಿದುಕೊಂಡು ಖಾಲಿ ಟ್ಯಾಂಕು ದೋಣಿಯ ಹಾಗೆ ಅಂಗಳದಲ್ಲಿ ತೇಲುತ್ತಿತ್ತು. ಮೀನಿಗೆ ಹೋಗುವವರು ನಾಲ್ಕು ಜನ ಸುತ್ತ ನಿಂತು, ಇದಕ್ಕೆ ಎಂಜಿನ್ ಒಂದು ಕೂರಿಸಿದರೆ ಸಾಕು ಎನ್ನುತ್ತಿದ್ದರು. ಹಮೀದ್ ಕೂಡ ಕೊನೆಗೆ ನಕ್ಕರು. ಮಳೆ ಬಿಟ್ಟ ಮೇಲೆ ಕೆಳಗೆ ಕಾಂಕ್ರೀಟು ಹಾಸಿ, ಅದಕ್ಕೆ ಟ್ಯಾಂಕನ್ನು ಪಟ್ಟಿಯಲ್ಲಿ ಬಿಗಿದು, ನೀರು ತುಂಬಿಸಿ ಕೂರಿಸಿದೆವು. ಇಂಗುಗುಂಡಿಯ ಬದಲು ನೆಲದ ಮೇಲೆ ಮಣ್ಣು ಏರಿಸಿ ದಿಬ್ಬ ಮಾಡಿದೆವು. ನಾನು ಹೇಳಿದ್ದೆ ಎಂದು ಆ ದಿನ ಹೇಳಲು ನನಗೆ ಆಸೆಯಾಗಿತ್ತು, ಹೇಳಲಿಲ್ಲ. ಹೇಳಿದ ಮಾತು ಕೇಳಿದವನ ತಲೆಗೆ ಇಳಿಯಿತೇ ಎಂದು ನೋಡುವುದೂ ಓವರ್ಸಿಯರನ ಕೆಲಸ ಎಂದು ಆಗ ಅಸ್ಪಷ್ಟವಾಗಿ ಅನಿಸಿತ್ತು. ಪೂರ್ತಿ ಅರ್ಥವಾಗಲು ಇನ್ನೂ ಒಂದು ತಪ್ಪು ಮಾಡಬೇಕಾಯಿತು.

ಅದು ನಿವೃತ್ತಿಗೆ ಮೂರು ವರ್ಷ ಇರುವಾಗ ದೇಲಂಪಾಡಿಯ ಆಚೀಚೆ ಆದದ್ದು. ಆ ಹೊತ್ತಿಗೆ ಅರ್ಜಿಗಳು ಕಂಪ್ಯೂಟರಿನಲ್ಲಿ ಬರುತ್ತಿದ್ದವು. ಟೇಪಿನ ಜೊತೆ ದೂರ ಅಳೆಯುವ ಲೇಸರ್ ಕಡ್ಡಿ ಬಂದಿತ್ತು. ಜಾಗದ ಫೋಟೋ ತೆಗೆದರೆ ಅದು ಎಲ್ಲಿ ತೆಗೆದದ್ದೆಂದು ಫೋಟೋವೇ ಹೇಳುತ್ತಿತ್ತು. ಕಾಗದಗಳಿಗೂ ಸಿದ್ಧ ನಮೂನೆ ಇತ್ತು, ಮಲೆಯಾಳದಲ್ಲಿ. ಹೆಸರು, ಸರ್ವೆ ನಂಬ್ರ ತುಂಬಿಸಿ ಪ್ರಿಂಟ್ ಒತ್ತಿದರೆ ಮುಗಿಯಿತು. ಕೆಲಸ ನಿಜವಾಗಿಯೂ ಸಲೀಸಾಗಿತ್ತು. ಇದನ್ನು ನಾನು ದೂರುವುದಿಲ್ಲ.

ಕಮಲ ಎಂಬ ಹೆಂಗಸು ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದಳು. ಗಂಡ ಬಾಬು ತೆಂಗಿನ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದವನು. ಒಳ್ಳೆಯ ಕೆಲಸಗಾರನಾಗಿದ್ದವನು ಆರು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದ. ಹಳೆಯ ಮಣ್ಣಿನ ಮನೆಯಲ್ಲಿ ಪಾಯಿಖಾನೆ ಹಿತ್ತಿಲಿನ ಮೇಲೆ, ಹನ್ನೊಂದು ಮೆಟ್ಟಿಲು ಹತ್ತಿ. ದಿನವೂ ಬೆಳಿಗ್ಗೆ ಕಮಲ ತೋಟದಿಂದ ಬರುವವರೆಗೆ ಅವನು ಕಾಯಬೇಕು. ಅವಳು ಒಂದು ಕಡೆ, ಪಕ್ಕದ ಮನೆಯ ಈಶ್ವರ ನಾಯ್ಕರು ಇನ್ನೊಂದು ಕಡೆ ಹಿಡಿದು ಅವನನ್ನು ಹೊತ್ತುಕೊಂಡು ಹೋಗಬೇಕು. ನಾಯ್ಕರಿಗೆ ಜ್ವರ ಬಂದರೆ ಅದೂ ಇಲ್ಲ. ಮಧ್ಯಾಹ್ನದವರೆಗೆ ಬಾಬು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಹಳೆಯ ಮನೆಯ ಪಕ್ಕದಲ್ಲಿ ಹೊಸ ಮನೆ ಕಟ್ಟುವ ಹಂಬಲವೆಲ್ಲ ಒಂದು ಕೋಣೆಗಾಗಿತ್ತು. ಉಳಿದ ಗೋಡೆಗಳು ಅದರ ಸುತ್ತ ಸುಮ್ಮನೆ ಎದ್ದವುಗಳು.

ಕಮಲನ ಪ್ಲಾನಿನಲ್ಲಿ ಟ್ಯಾಂಕು ಹಿತ್ತಿಲಿನ ಮೂಲೆಯಲ್ಲಿತ್ತು. ಹೋಗಿ ಗೋಡೆ ಹತ್ತಿ ಅಳೆದೆ. ನಾಯ್ಕರ ಬಾವಿಗೆ ಐದು ಮೀಟರ್. ಜಾಗ ಬದಲಾಯಿಸಿ ಹೊಸ ಪ್ಲಾನ್ ಕೊಡಬೇಕು, ಅದುವರೆಗೆ ಅನುಮತಿಯಿಲ್ಲ ಎಂದು ಕಾಗದ ಮಾಡಿದೆ. ಆ ದಿನ ಕಚೇರಿಯಲ್ಲಿ ಜನ ತುಂಬಿದ್ದರು. ಕಮಲ ಬಂದಳು, ಪುಸ್ತಕದಲ್ಲಿ ಸಹಿ ಹಾಕಿಸಿದೆ, ಮುದ್ರೆ ಒತ್ತಿದ ಕಾಗದ ಕೈಗೆ ಕೊಟ್ಟೆ. ಆಯ್ತಾ ಮೇಡಂ ಎಂದಳು. ಆಯ್ತು ಎಂದೆ. ಕೊಡುವ ಕೆಲಸ ಆಯಿತೆಂದು ನಾನು. ಪರ್ಮಿಟ್ ಆಯಿತೆಂದು ಅವಳು.

ಎರಡು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಒಂದು ಮೋರಿಯ ಕೆಲಸ ನೋಡಲು ಹೋಗುತ್ತಾ ಜೀಪು ನಿಲ್ಲಿಸಿ ಇಳಿದೆ. ಗೋಡೆಗಳು ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಿದ್ದವು. ಹಿತ್ತಿಲಿನಲ್ಲಿ, ನಾನು ಬೇಡವೆಂದಿದ್ದ ಮೂಲೆಯಲ್ಲಿಯೇ ಟ್ಯಾಂಕು ಪೂರ್ತಿಯಾಗಿ, ಒಳಗೆ ಸಾರಣೆಯೂ ಮುಗಿದಿತ್ತು. ಇಂಗುಗುಂಡಿಗೆ ಗುರುತು ಹಾಕಿದ್ದರು. ನನಗೆ ಸಿಟ್ಟು ಬಂತು. ಬೇಡ ಎಂದು ಬರೆದುಕೊಟ್ಟ ಮೇಲೂ ಕಟ್ಟುವುದೆಂದರೆ ಏನು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಕಮಲ ಹಳೆಯ ಮನೆಯ ಒಳಗೆ ಹೋದಳು. ದೇವರ ಪಟದ ಹಿಂದಿನಿಂದ ಒಂದು ಕಾಗದ ತಂದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ಮೂಲೆಯಲ್ಲಿ ಕುಂಕುಮ ಹಚ್ಚಿತ್ತು.

“ಪರ್ಮಿಟ್ ಉಂಟಲ್ಲ ಮೇಡಂ. ನೀವೇ ಕೊಟ್ಟದ್ದು” ಎಂದಳು.

ನನ್ನದೇ ಸಹಿಯ ಕಾಗದ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳಿದೆ. ಅನುಮತಿ ನೀಡಲಾಗುವುದಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ಕಮಲ ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮಲೆಯಾಳ ಮಾತಾಡುತ್ತಾಳೆ, ಅಕ್ಷರ ಬರುವುದಿಲ್ಲ. ಈ ಜಿಲ್ಲೆಯಲ್ಲಿ ಅಂಥವರು ಎಷ್ಟೋ ಮಂದಿ ಇದ್ದಾರೆಂದು ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಅಮ್ಮನೂ ಹಾಗೆಯೇ. ಕನ್ನಡದಲ್ಲಿ ಕಾಗದ ಕೊಡುವ ಹಕ್ಕು ನಮಗಿತ್ತು, ಕನ್ನಡ ಬರೆಯಲು ನನಗೆ ಬರುತ್ತಿತ್ತು. ನಮೂನೆ ಸಲೀಸಾಗಿತ್ತೆಂದು ಒತ್ತಿಬಿಟ್ಟಿದ್ದೆ.

ಕಮಲ ಅಳಲಿಲ್ಲ. ಟ್ಯಾಂಕಿನ ದಂಡೆಯಲ್ಲಿ ಕುಳಿತು, ಹಾಗಾದರೆ ಇದನ್ನು ಒಡೆಯಬೇಕಾ ಎಂದು ಮಾತ್ರ ಕೇಳಿದಳು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂದ ಈಶ್ವರ ನಾಯ್ಕರಿಗೆ ವಿಷಯ ತಿಳಿಯಿತು. ಅವರು ಅರುವತ್ತು ದಾಟಿದ ಗಟ್ಟಿ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದರು.

“ಓವರ್ಸಿಯರಮ್ಮ, ಬಾವಿ ನಂದು. ನನಗೆ ಕಂಪ್ಲೇಂಟ್ ಇಲ್ಲ. ಎಲ್ಲಿ ಬೇಕೋ ಬರೀರಿ, ನಾನು ಸೈನ್ ಹಾಕ್ತೇನೆ. ಆ ಬಾಬುವನ್ನು ಹೊತ್ತದ್ದು ನಾನು. ಅವನ ಮುಖ ನೋಡಿದವನು ನಾನು.”

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನ್ನ ಮನಸ್ಸು ಅತ್ತ ವಾಲಿತ್ತು. ನನ್ನ ತಪ್ಪು ಮುಚ್ಚಿಹೋಗುತ್ತಿತ್ತು, ಕಮಲನ ಕೆಲಸವೂ ಆಗುತ್ತಿತ್ತು, ದೂರು ಕೊಡುವವರೇ ಇರಲಿಲ್ಲ. ಆದರೆ ಬೀಫಾತಿಮ್ಮನ ಬಾಟಲಿಯನ್ನು ಮೂಸಿ ನೋಡಿದವಳಿಗೆ ಅದು ಸಾಧ್ಯವಿರಲಿಲ್ಲ. ನಾಯ್ಕರೇ, ಸೈನ್ ಹಾಕುವುದು ನೀವು, ಆ ನೀರು ಕುಡಿಯುವುದು ನಿಮ್ಮ ಮೊಮ್ಮಕ್ಕಳು ಎಂದೆ. ಕಮಲನೂ ಇದೇ ಬಾವಿಯಿಂದಲ್ಲವಾ ನೀರು ಸೇದುವುದು, ಬಾಬು ಕುಡಿಯುವುದೂ ಇದನ್ನೇ ಅಲ್ಲವಾ ಎಂದೂ ಕೇಳಿದೆ. ನಾಯ್ಕರು ಬಾವಿಯ ಕಡೆ ತಿರುಗಿದರು.

ಕಚೇರಿಗೆ ಬಂದು ಫೈಲಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಅರ್ಜಿದಾರರಿಗೆ ಓದಲು ಬಾರದ ಭಾಷೆಯಲ್ಲಿ ಕಾಗದ ಕೊಟ್ಟದ್ದು, ಓದಿ ಹೇಳದೆ ಇದ್ದದ್ದು, ಎರಡೂ ನನ್ನಿಂದಾದ ಲೋಪ ಎಂದು. ಆಗಿನ ಎಂಜಿನಿಯರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು. ಇದನ್ನು ಹೀಗೆ ಬರೆದರೆ ನಿಮಗೆ ಮೆಮೊ ಬರುತ್ತದೆ ಎಂದು ಎಚ್ಚರಿಸಿದರು. ಕಮಲ ಪರ್ಮಿಟ್ ಇಲ್ಲದೆ ಕಟ್ಟಿದಳು ಎಂದು ಬರೆದರೆ ಕೆಲಸ ನಿಲ್ಲಿಸುವ ಸ್ಟಾಪ್ ಮೆಮೊ ಅವಳಿಗೆ ಹೋಗುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ಹೋಗಬೇಕಾದರೆ ನನಗೇ ಬರಲಿ ಎಂದೆ. ಬಂತು. ಮೇಲೆ ಬರೆದದ್ದು ಸತ್ಯ ಎಂದು ಒಂದು ಸಾಲಿನ ಉತ್ತರ ಕೊಟ್ಟೆ. ಅದರಿಂದ ನನಗೆ ಆದ ನಷ್ಟ ದೊಡ್ಡದೇನಲ್ಲ.

ಟ್ಯಾಂಕಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಮರುದಿನ ಬೆಳಿಗ್ಗೆ ಐತ್ತಪ್ಪ ಎಂಬ ಹಳೆಯ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಕಮಲನ ಜಾಗ ಮುಂದಕ್ಕೆ, ರಸ್ತೆಯ ಕಡೆಗೆ ಇಳಿಯುತ್ತದೆ. ಆ ಕಡೆ ಹತ್ತಿರದಲ್ಲಿ ಬಾವಿಯಿಲ್ಲ, ಆದರೆ ಒಂದೂವರೆ ಅಡಿ ಕೆಳಗೆ ಕಗ್ಗಲ್ಲು. ಐತ್ತಪ್ಪ ಕಬ್ಬಿಣದ ಸಲಾಕೆ ಹಿಡಿದು ಅಂಗಳವಿಡೀ ಕುಟ್ಟುತ್ತಾ ನಡೆದರು. ಟಣ್, ಟಣ್ ಎಂದು ಬರುತ್ತಿದ್ದ ಸದ್ದು ಕೆಳಗಿನ ಅಂಚಿನಲ್ಲಿ ಮಂದವಾಯಿತು. ಎರಡು ಬಂಡೆಗಳ ನಡುವೆ ಮಣ್ಣು ತುಂಬಿದ ಹೊಂಡ. ಇಂಗುಗುಂಡಿಗೆ ಜಾಗ ಸಿಕ್ಕಿತು. ಟ್ಯಾಂಕನ್ನು ಮಾತ್ರ ಪೂರ್ತಿ ಹೂಳಲು ಸಾಧ್ಯವಿರಲಿಲ್ಲ. ಇಳಿಜಾರಾದ್ದರಿಂದ ಮನೆಯ ಮುಂಭಾಗದ ಪಾಯ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿತ್ತು. ಅದಕ್ಕೆ ತಾಗಿಸಿ ಟ್ಯಾಂಕನ್ನು ನೆಲದ ಮೇಲೆಯೇ ಕಟ್ಟಬಹುದು. ಮನೆಯೊಳಗೆ ಹೋಗಲು ಗಾಲಿಕುರ್ಚಿಗೆ ಹೇಗೂ ಇಳಿಜಾರು ದಾರಿ ಬೇಕು. ಟ್ಯಾಂಕಿನ ಮೇಲಿನ ಸ್ಲ್ಯಾಬೇ ಕುರ್ಚಿ ತಿರುಗಿಸುವ ಜಗಲಿಯಾಗಲಿ ಎಂದೆ. ಐತ್ತಪ್ಪ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಯೋಚಿಸಿ, ಆಗ್ತದೆ ಎಂದರು. ಅವರು ಆಗ್ತದೆ ಎಂದರೆ ಆದ ಹಾಗೆ.

ಆದರೆ ಹಾಗೆ ಮಾಡಬೇಕಾದರೆ ಪಾಯಿಖಾನೆ ಹಿಂದಿನಿಂದ ಮುಂದಿನ ಕೋಣೆಗೆ ಬರಬೇಕು. ಸಿಟೌಟಿನ ಪಕ್ಕಕ್ಕೆ. ಕಮಲ ಇದಕ್ಕೆ ಒಪ್ಪಲಿಲ್ಲ. ಮನೆಗೆ ಬಂದವರಿಗೆ ಮೊದಲು ಕಾಣುವುದೇ ಅದಾ, ನಾಲ್ಕು ಜನ ಎಂತ ಹೇಳಿಯಾರು ಎಂದಳು. ಇಷ್ಟು ದಿನ ಎಲ್ಲವನ್ನೂ ತಡೆದುಕೊಂಡವಳು ಆ ಒಂದು ವಿಷಯಕ್ಕೆ ಹಟ ಹಿಡಿದು ನಿಂತಳು. ನನಗೂ ಅವಳ ಮನಸ್ಸು ಅರ್ಥವಾಗುತ್ತಿತ್ತು. ಜೀವನದಲ್ಲಿ ಒಂದೇ ಸಲ ಕಟ್ಟುವ ಮನೆ.

ಬಾಬು ಅಷ್ಟು ಹೊತ್ತೂ ಹಳೆಯ ಮನೆಯ ಬಾಗಿಲಲ್ಲಿ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ. ಎಂದೂ ಹೆಚ್ಚು ಮಾತಾಡುವವನಲ್ಲ.

“ಬರುವವರು ಬೇಕಾದರೆ ಹಿಂದಿನ ಬಾಗಿಲಿಂದ ಬರ್ಲಿ ಕಮಲ” ಎಂದ. “ನನಗೆ ನಾನೇ ಹೋಗ್ಬೇಕು.”

ಕಮಲ ಅವನನ್ನು ನೋಡಿದಳು. ಆಮೇಲೆ ಐತ್ತಪ್ಪನಿಗೆ, ನಾಳೆಯಿಂದ ಶುರುಮಾಡಿ ಎಂದಳು.

ಹಿತ್ತಿಲಿನ ಟ್ಯಾಂಕನ್ನು ಒಡೆಯಬೇಕಾಗಲಿಲ್ಲ. ಒಂದು ಹನಿ ಕೊಳಕು ಬೀಳದ ಹೊಸ ಟ್ಯಾಂಕು ಅದು. ಅದಕ್ಕೆ ಮುಚ್ಚಳ ಹಾಕಿ, ಮಾಡಿನ ಮೇಲೆ ಬಿದ್ದ ಮಳೆನೀರು ಇದ್ದಿಲು ಮರಳಿನಲ್ಲಿ ಸೋಸಿ ಬರುವಂತೆ ಪೈಪು ಕೊಡಿಸಿದೆ. ಮಳೆನೀರಿನ ಟ್ಯಾಂಕು ಪ್ರತಿ ಹೊಸ ಮನೆಗೂ ಬೇಕೆಂದು ನಿಯಮ ಬಂದಿತ್ತು. ಹೆಚ್ಚಿನವರು ಪ್ಲಾನಿನಲ್ಲಿ ತೋರಿಸಿ ಮರೆಯುತ್ತಾರೆ. ಏಪ್ರಿಲಿನಲ್ಲಿ ನಾಯ್ಕರ ಬಾವಿ ತಳ ಕಾಣುವ ಊರು ಅದು. ಹೊಸ ಪ್ಲಾನನ್ನು ಒಬ್ಬ ಡ್ರಾಫ್ಟ್ಸ್‌ಮನ್ ಬರೆದುಕೊಟ್ಟ. ಈ ಸಲದ ಪರ್ಮಿಟ್ ಕಾಗದವನ್ನು ನಾನು ಕನ್ನಡದಲ್ಲಿ ಬರೆದು, ಮಲೆಯಾಳದ ಪ್ರತಿಯನ್ನು ಫೈಲಿಗೆ ಸೇರಿಸಿ, ಕಮಲನನ್ನು ಮೇಜಿನ ಮುಂದೆ ಕೂರಿಸಿ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಇದರಲ್ಲಿ ಎಂತ ಉಂಟು ಹೇಳು ಎಂದೆ. ಅವಳು ಒಂದೂ ಬಿಡದೆ ಹೇಳಿದಳು. ಆಮೇಲೆ ಮೂರು ವರ್ಷವೂ ಯಾರಿಗೆ ಯಾವ ಕಾಗದ ಕೊಟ್ಟರೂ ಹೀಗೆಯೇ ಮಾಡಿದೆ. ಸಾಲು ಉದ್ದವಾಗುತ್ತದೆಂದು ಕಚೇರಿಯಲ್ಲಿ ಗೊಣಗಿದರು. ಸಾಲು ಉದ್ದವಾದದ್ದು ನಿಜ. ಮತ್ತೆ ಮತ್ತೆ ಬರುವವರು ಕಡಿಮೆಯಾದದ್ದೂ ನಿಜ.

ಹೊಸಬರು ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಡಬೇಕು. ಫೋಟೋದಲ್ಲಿ ವಾಸನೆ ಬರುವುದಿಲ್ಲ, ಮುಳ್ಳುಪೊದೆಯ ಆಚೆಗಿನ ಬಾವಿ ಕಾಣುವುದಿಲ್ಲ, ಕಾಗದ ತೆಗೆದುಕೊಂಡು ತಲೆಯಾಡಿಸಿದವರಿಗೆ ಅರ್ಥವಾಯಿತೇ ಎಂದು ಕಂಪ್ಯೂಟರು ಹೇಳುವುದಿಲ್ಲ. ಅಷ್ಟಕ್ಕಾದರೂ ಓವರ್ಸಿಯರ್ ಎಂಬ ಮನುಷ್ಯ ಬೇಕು.

ಮನೆ ಮುಗಿದಾಗ ಮಳೆಗಾಲಕ್ಕೆ ಇನ್ನು ಕೆಲವೇ ದಿನ. ಮನೆ ನಂಬ್ರ ಕೊಡುವ ಮೊದಲಿನ ಕೊನೆಯ ತಪಾಸಣೆಗೆ ಹೋದೆ. ಮೂರು ದಿನ ಮೊದಲೇ ಟ್ಯಾಂಕಿಗೆ ನೀರು ತುಂಬಿಸಿ ಗುರುತು ಹಾಕಿಸಿದ್ದೆ. ಮುಚ್ಚಳ ತೆಗೆದು ನೋಡಿದರೆ ನೀರು ಗುರುತಿನಲ್ಲೇ ನಿಂತಿತ್ತು, ಎಲ್ಲೂ ಸೋರಿಕೆಯಿರಲಿಲ್ಲ. ನಾಯ್ಕರ ಬಾವಿಯಿಂದ ಅಳೆದೆ, ಹದಿನೇಳು ಮೀಟರ್. ಇನ್ನು ಒಳಗೆ ಬಕೆಟಿನಲ್ಲಿ ನೀರು ಹೊಯ್ದು ಹರಿವು ನೋಡುವುದೊಂದೇ ಬಾಕಿ. ಕಮಲ ಬಕೆಟ್ ಎತ್ತಿಕೊಂಡಳು. ಬಾಬು ಬೇಡವೆಂದ. ನೀರು ಒಳಗೇ ಉಂಟು, ನೀವು ಹೊರಗೆ ನಿಲ್ಲಿ, ನಾನು ನೋಡಿ ಹೇಳ್ತೇನೆ ಎಂದ.

ಕೆಳಗಿನ ಅಂಗಳದಿಂದ ಇಳಿಜಾರು ದಾರಿಯಲ್ಲಿ ಅವನು ಚಕ್ರಗಳನ್ನು ತಾನೇ ತಳ್ಳಿಕೊಂಡು ಹತ್ತಿದ. ಮರ ಹತ್ತಿದ ತೋಳುಗಳು, ಇನ್ನೂ ಬಲವಿತ್ತು. ಸ್ಲ್ಯಾಬಿನ ಮೇಲೆ ಕುರ್ಚಿ ತಿರುಗಿಸಿ, ಅಗಲ ಬಾಗಿಲಿನಲ್ಲಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಕಮಲ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ನಾಯ್ಕರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ರಬ್ಬರ್ ತೋಟದ ಕಡೆ ನೋಡತೊಡಗಿದರು. ಸ್ವಲ್ಪ ಹೊತ್ತು ಕಳೆದು, ಮತ್ತಷ್ಟು ಹೊತ್ತು ಕಳೆದು, ಸ್ಲ್ಯಾಬಿನ ಕೆಳಗೆ ಪೈಪಿನಲ್ಲಿ ನೀರು ಇಳಿದು ಟ್ಯಾಂಕಿಗೆ ಸೇರುವ ಸದ್ದಾಯಿತು. ಎಲ್ಲೂ ತಡೆಯಿರಲಿಲ್ಲ.

“ಓವರ್ಸಿಯರಮ್ಮ, ಹೋಯ್ತಾ?” ಎಂದು ಒಳಗಿನಿಂದ ಬಾಬು ಕೇಳಿದ.

“ಹೋಯ್ತು ಬಾಬಣ್ಣ” ಎಂದೆ.

“ಸೈನ್ ಹಾಕ್ತೀರಾ?”

“ಹಾಕ್ತಾ ಇದ್ದೇನೆ. ನೀವು ನಿಧಾನ ಬನ್ನಿ, ಅರ್ಜೆಂಟ್ ಇಲ್ಲ.”

ಬಿಸಿಲಿಗೆ ಕಾದಿದ್ದ ಆ ಸ್ಲ್ಯಾಬಿನ ಮೇಲೆ ಫೈಲು ಇಟ್ಟುಕೊಂಡು, ಹರಿವು ತೃಪ್ತಿಕರ ಎಂದು ಕನ್ನಡದಲ್ಲಿ ಬರೆದೆ. ಕೆಳಗೆ ನನ್ನ ಹೆಸರು ಬರೆದೆ. ಬಾಬು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾವು ಕಾದೆವು.